ಕಳಸದಿಂದ ಪ್ರಮೀಳಾ ಕೇಳಿದ ಹಾಡು

ಮೊನ್ನೆ ಸಂತೆ ಮುಗಿಸಿಕೊಂಡು ಆಟೋ ಹತ್ತಿದೆ. ಎರಡೂ ಕೈಯಲ್ಲಿ ತರಕಾರಿ ಚೀಲ, ಹೊರಗೆ ಬಿಡದೆ ಹನಿಯುವ ಮಳೆ. ಡ್ರೈವರು ಹ್ಯಾಂಡಲ್ಲಿನ ಪಕ್ಕ ಕಟ್ಟಿಕೊಂಡಿದ್ದ ಪುಟ್ಟ ರೇಡಿಯೊದಲ್ಲಿ ನಮ್ಮ ಕಾಲೇಜು ರೇಡಿಯೊ ಬರುತ್ತಿತ್ತು. 'ನಮ್ಮ' ಎಂದು ನಾನು ಹೇಳಿಕೊಳ್ಳುವುದು, ಕಾಲೇಜಿನವರು ನನ್ನನ್ನು ಹಾಗೆ ಹೇಳುವುದು ಕಡಿಮೆ. ಹಾಡು ಮುಗಿಯಿತು. ಹುಡುಗಿಯೊಬ್ಬಳು ಹಾಡು ಕೇಳಿದವರ ಹೆಸರು ಓದಲು ಶುರು ಮಾಡಿದ್ದೇ ತಡ, ಡ್ರೈವರು ಕೈ ಚಾಚಿ ಸದ್ದು ಅಡಗಿಸಿಬಿಟ್ಟ.

"ಯಾಕೆ ಕಮ್ಮಿ ಮಾಡಿದ್ರಿ?" ಎಂದೆ.

"ಹೆಸರು ಓದೋದನ್ನ ಯಾರು ಕೇಳ್ತಾರೆ ಮೇಡಂ. ಅವ್ರವ್ರ ಹೆಸರು ಅವ್ರವ್ರಿಗೆ ಗೊತ್ತಿರುತ್ತಲ್ಲ."

"ಜೋರು ಮಾಡಿ" ಎಂದೆ. ನನ್ನ ದನಿ ನನಗೇ ಹೊಸದಾಗಿ ಕೇಳಿಸಿತು. ಪಾಪ, ಅವನು ಕನ್ನಡಿಯಲ್ಲಿ ಒಮ್ಮೆ ನನ್ನ ಮುಖ ನೋಡಿ, ಜೋರು ಮಾಡಿದ. ಅಷ್ಟರಲ್ಲಿ ಹೆಸರುಗಳೆಲ್ಲ ಮುಗಿದು ಯಾವುದೋ ಸೋಪಿನ ಜಾಹೀರಾತು ಬರುತ್ತಿತ್ತು. ಮನೆ ಬರುವವರೆಗೂ ನಾವಿಬ್ಬರೂ ಆ ಸೋಪಿನ ಗುಣಗಾನ ಕೇಳಿಕೊಂಡು ಕೂತೆವು.

ಹೆಸರು ಓದುವುದಕ್ಕೆ ನಾನು ಹೀಗೆ ಎಗರಿಬೀಳಲು ಕಾರಣವಿದೆ. ಹೇಳುತ್ತೇನೆ, ಆದರೆ ನಾನು ನೆಟ್ಟಗೆ ಹೇಳುವವಳಲ್ಲ ಎಂಬುದನ್ನು ಮೊದಲೇ ತಿಳಿಸಿಬಿಡುತ್ತೇನೆ. ನನ್ನ ಕಸುಬೇ ಅಂಥದ್ದು. ಯಾವ ಪತ್ರಿಕೆಯ ನೌಕರಿಯೂ ಇಲ್ಲದೆ, ಕರೆದವರಿಗೆ ಬರೆದುಕೊಟ್ಟು ಬದುಕುವವಳು ನಾನು. ಈ ಜಿಲ್ಲೆಯಲ್ಲಿ 'ರೈಟರ್' ಎಂದು ಪರಿಚಯ ಮಾಡಿಕೊಂಡರೆ ಜನ ಕೇಳುವ ಮೊದಲ ಪ್ರಶ್ನೆ, "ಯಾವ ಎಸ್ಟೇಟಲ್ಲಿ?" ತೋಟದ ಆಳುಗಳ ಹಾಜರಿ ಬರೆಯುವವರೇ ಇಲ್ಲಿ ರೈಟರು. ನಾನು ಸಿನಿಮಾ ಹಾಡು, ಆರ್ಕೆಸ್ಟ್ರಾ, ಊರ ತುಂಬ ನಿಲ್ಲುವ ಫ್ಲೆಕ್ಸು, ಹುಡುಗರ ರೀಲ್ಸು ಇವುಗಳ ಬಗ್ಗೆ ಬರೆಯುತ್ತೇನೆ ಎಂದರೆ ಅವರ ಮುಖದಲ್ಲಿ ಒಂದು ಕನಿಕರ ಮೂಡುತ್ತದೆ. ಸಂಪಾದಕರು ಇದಕ್ಕೆ ಜನಪ್ರಿಯ ಸಂಸ್ಕೃತಿ ಎಂದು ದೊಡ್ಡ ಹೆಸರಿಟ್ಟು, ಪುಟದ ತಳದಲ್ಲಿ ಜಾಗ ಉಳಿದರೆ ಹಾಕುತ್ತಾರೆ. ನನ್ನ ಅಮ್ಮ ಮಾತ್ರ ಕೊನೆಯವರೆಗೂ "ಇವಳದ್ದು ಹರಟೆ" ಎನ್ನುತ್ತಿದ್ದಳು.

ಚಿಕ್ಕಮಗಳೂರಿನ ಒಂದು ಕಾಲೇಜು ರೇಡಿಯೊ ನಡೆಸಲು ಶುರು ಮಾಡಿದಾಗ ನನ್ನನ್ನು ಕರೆದರು. ಹಾಡುಗಳ ನಡುವೆ ಹೇಳುವ ಮಾತು ಬರೆದುಕೊಡುವುದು, ಹುಡುಗ ಹುಡುಗಿಯರಿಗೆ ಮೈಕಿನ ಮುಂದೆ ಉಸಿರಾಡಲು ಕಲಿಸುವುದು ನನ್ನ ಕೆಲಸ. ಹಿಂದೆ ರಸಾಯನಶಾಸ್ತ್ರದ ಉಗ್ರಾಣವಾಗಿದ್ದ ಕೋಣೆಯೇ ಸ್ಟುಡಿಯೊ. ಗೋಡೆಗೆಲ್ಲ ಮೊಟ್ಟೆಯ ಟ್ರೇ ಅಂಟಿಸಿ ಪ್ರತಿಧ್ವನಿ ನಿಲ್ಲಿಸಿದ್ದರು, ಆಸಿಡ್ಡಿನ ವಾಸನೆ ಮಾತ್ರ ನಿಲ್ಲಲಿಲ್ಲ. ಊಟದ ಹೊತ್ತು ಕಳೆದ ಮೇಲೆ 'ಮಧ್ಯಾಹ್ನದ ಕೋರಿಕೆ' ಎಂಬ ಕಾರ್ಯಕ್ರಮ. ಕೇಳುಗರು ಫೋನು ಮಾಡಿ ಹಾಡು ಕೇಳುತ್ತಾರೆ. ಪಕ್ಕದ ಕೋಣೆಯಲ್ಲಿ ಒಬ್ಬರು ಫೋನು ಎತ್ತಿ ಹೆಸರು, ಊರು, ಹಾಡು ಚೀಟಿಯಲ್ಲಿ ಬರೆದು ಒಳಗೆ ಕೊಡುತ್ತಾರೆ. ಒಳಗಿನವಳು ಓದುತ್ತಾಳೆ, ಹಾಡು ಹಾಕುತ್ತಾಳೆ. ಇಷ್ಟೇ ಕಾರ್ಯಕ್ರಮ. ನನ್ನ ಘನವಾದ ಬರವಣಿಗೆಯನ್ನೆಲ್ಲ ಬದಿಗಿಟ್ಟು ಜನ ಕೇಳುತ್ತಿದ್ದದ್ದು ಇದೊಂದನ್ನೇ.

ಅದರಲ್ಲೂ ಕೇಳುತ್ತಿದ್ದದ್ದು ಯಾರು ಗೊತ್ತೇ? ಊರಂಚಿನ ಒಂದು ಕ್ಯೂರಿಂಗ್ ವರ್ಕ್ಸಿನ ಹೆಂಗಸರು. ತೋಟಗಳಿಂದ ಬಂದ ಕಾಫಿಯ ಸಿಪ್ಪೆ ತೆಗೆದು ಹದ ಮಾಡುವ ಕಾರ್ಖಾನೆ ಅದು. ಆಗಿನ್ನೂ ಕೆಟ್ಟ ಬೀಜ ಆರಿಸುವ ಕೆಲಸ ಕೈಯಲ್ಲೇ ನಡೆಯುತ್ತಿತ್ತು. ಉದ್ದನೆಯ ಹಾಲಿನಲ್ಲಿ ಸಾಲಾಗಿ ಕೂತ ಹೆಂಗಸರು ಮೂಗಿಗೆ ಬಟ್ಟೆ ಕಟ್ಟಿಕೊಂಡು, ಕಪ್ಪು ಬೀಜ, ಒಡೆದ ಬೀಜ ಹೆಕ್ಕಿ ಬದಿಗೆ ಹಾಕುತ್ತಿದ್ದರು. ಗೋಡೆಯ ಮೇಲೊಂದು ಸ್ಪೀಕರು. ಅಲ್ಲಿಯ ಸೂಪರ್‌ವೈಸರು ನಮಗೇ ಫೋನು ಮಾಡಿ, "ಸ್ವಲ್ಪ ಫಾಸ್ಟ್ ಹಾಡು ಹಾಕಿ ಮಾರಾಯ್ರೆ, ನಿಮ್ಮ ಅಳುಮುಂಜಿ ಹಾಡಿಗೆ ಇವ್ರ ಕೈಯೂ ನಿಧಾನ ಆಗ್ತದೆ" ಎಂದು ಗೋಗರೆಯುತ್ತಿದ್ದ. ಹೆಂಗಸರು ತಮ್ಮ ತಮ್ಮ ಫೋನಿಂದ ಕರೆದು ನಿಧಾನದ ಹಾಡನ್ನೇ ಕೇಳುತ್ತಿದ್ದರು. ನಾವು ಹೆಂಗಸರ ಪಕ್ಷ. ಈ ಜಗಳದ ಬಗ್ಗೆ ನಾನೊಂದು ಲೇಖನ ಬರೆದೆ, ಜಾಗ ಉಳಿಯಲಿಲ್ಲವೆಂದು ಬರಲಿಲ್ಲ.

ಆ ಕೋರಿಕೆಗಳ ನಡುವೆ ಒಂದು ಹೆಸರು ತಪ್ಪದೆ ಬರುತ್ತಿತ್ತು. "ಕಳಸದಿಂದ ಪ್ರಮೀಳಾ." ಯಾವಾಗಲೂ ಒಂದೇ ಹಾಡು, ಹಳೆಯ ಸಿನಿಮಾದ್ದು, ತೀರಾ ನಿಧಾನದ್ದು. ಯಾವ ಹಾಡೆಂದು ಹೇಳುವುದಿಲ್ಲ. ಹೇಳಿದರೆ ನೀವು ಅದನ್ನು ಗುನುಗುತ್ತಾ ಓದುತ್ತೀರಿ, ನನ್ನ ಮಾತು ಕಿವಿಗೆ ಹೋಗುವುದಿಲ್ಲ.

ರೇಡಿಯೊದ ಉಸ್ತುವಾರಿ ಕನ್ನಡ ಲೆಕ್ಚರರ್ ಶಿವಪ್ರಸಾದರದ್ದು. ಒಳ್ಳೆಯ ಮನುಷ್ಯ, ಬೇಗ ಖುಷಿಪಡುವ ಮನುಷ್ಯ. ಅವರಿಗೆ ಈ ಪ್ರಮೀಳಾ ಒಂದು ಪ್ರಶಸ್ತಿ ಬಂದಷ್ಟು ಸಂತೋಷ ತಂದಿದ್ದಳು. ನಮ್ಮ ರೇಡಿಯೊ ಎಂದರೆ ಊರು ದಾಟಿ ಮೂಡಿಗೆರೆ ರಸ್ತೆಯಲ್ಲಿ ನಾಲ್ಕು ತಿರುವು ಹೋಗುವಷ್ಟರಲ್ಲಿ ಕರಕರ ಎನ್ನುವಂಥದ್ದು. ಕಳಸ ಎಲ್ಲಿ, ನಾವೆಲ್ಲಿ, ನಡುವೆ ಎಷ್ಟು ಗುಡ್ಡ. "ಅದು ಸಾಧ್ಯ ಇಲ್ಲ ಸಾರ್" ಎಂದು ಭೌತಶಾಸ್ತ್ರದವರು ಹೇಳಿದರೆ ಶಿವಪ್ರಸಾದರು, "ನಿಮ್ಮ ಪುಸ್ತಕದಲ್ಲಿ ಸಾಧ್ಯ ಇಲ್ಲದಿರಬಹುದು. ಪ್ರಮೀಳಾ ಕೇಳ್ತಿದಾರಲ್ಲ, ಅದಕ್ಕೇನು ಹೇಳ್ತೀರಿ?" ಎನ್ನುತ್ತಿದ್ದರು. ರೇಡಿಯೊದ ವಾರ್ಷಿಕೋತ್ಸವಕ್ಕೆ ಒಂದು ಸ್ಮರಣ ಸಂಚಿಕೆ ತರುವುದೆಂದಾಯಿತು. ಬೆಟ್ಟಗಳಾಚೆಯ ಈ ಪ್ರಮೀಳಾಳನ್ನು ಮಾತಾಡಿಸಿ ಅದಕ್ಕೊಂದು ಲೇಖನ ಬರೆಯುವ ಕೆಲಸ ನನ್ನ ಪಾಲಿಗೆ ಬಂತು.

ಮೊದಲು ಫೋನು ಮಾಡಿ ನೋಡಬೇಕಿತ್ತು ಎಂದು ನೀವೆನ್ನುತ್ತೀರಿ. ಮಾಡಿದೆ. ಕೋರಿಕೆ ಬರುತ್ತಿದ್ದ ನಂಬರಿಗೆ ಎಷ್ಟು ಸಲ ಮಾಡಿದರೂ ಯಾರೂ ಎತ್ತಲಿಲ್ಲ. ಕಳಸ ಅಷ್ಟೇನೂ ದೊಡ್ಡ ಊರಲ್ಲ, ಹೋಗಿ ವಿಚಾರಿಸಿದರಾಯಿತು ಎಂದು ಹೊರಟೆ. ಮೂಡಿಗೆರೆಯಲ್ಲಿ ಬಸ್ಸು ಬದಲಿಸಿ, ಕೊಟ್ಟಿಗೆಹಾರದಲ್ಲಿ ಕಾಫಿ ಕುಡಿದು, ಮುಂದಿನ ತಿರುವುಗಳಲ್ಲಿ ಕುಡಿದ ಕಾಫಿಯನ್ನು ಒಳಗೇ ಉಳಿಸಿಕೊಳ್ಳಲು ಒದ್ದಾಡುತ್ತಾ ಹೋದೆ. ಪಕ್ಕದಲ್ಲಿ ಕೂತಿದ್ದ ಹೆಂಗಸು ನನ್ನ ಮುಖ ನೋಡಿ ಒಂದು ನಿಂಬೆಹಣ್ಣು ಕೊಟ್ಟು, "ಮೂಸ್ತಾ ಇರಿ, ಮಾತಾಡ್ಬೇಡಿ" ಎಂದರು. ಮಾತಾಡಬೇಡಿ ಎಂದು ನನಗೆ ಹೇಳಿದವರಲ್ಲಿ ಇಷ್ಟು ಪ್ರೀತಿಯಿಂದ ಹೇಳಿದವರು ಅವರೊಬ್ಬರೇ.

ಕಳಸದಲ್ಲಿ ಬೇಕರಿಯವರನ್ನು ಕೇಳಿದೆ, ಮೊಬೈಲ್ ಅಂಗಡಿಯವರನ್ನು ಕೇಳಿದೆ, ಹೂ ಮಾರುವವರನ್ನು ಕೇಳಿದೆ. ಪ್ರಮೀಳಾ ಎಂಬ ಹೆಸರಿನವರು ಇದ್ದರು, ಆದರೆ ಯಾರೂ ನಮ್ಮ ರೇಡಿಯೊ ಕೇಳಿದವರಲ್ಲ. ಜೊತೆಗೆ ಒಯ್ದಿದ್ದ ನನ್ನ ಪುಟ್ಟ ರೇಡಿಯೊವೂ ಅದನ್ನೇ ಹೇಳುತ್ತಿತ್ತು. ಎಷ್ಟು ತಿರುಗಿಸಿದರೂ ಬರೀ ಕರಕರ. ಕೊನೆಗೆ ಮದುವೆ, ಜಾತ್ರೆಗಳಿಗೆ ಮೈಕು ಬಾಡಿಗೆ ಕೊಡುವ ಒಂದು ಅಂಗಡಿಗೆ ಹೋದೆ. ರೇಡಿಯೊ ಗೀಡಿಯೊ ವಿಚಾರ ಅವರಿಗೆ ಗೊತ್ತಿರುತ್ತದೆ ಎಂದು ಯಾರೋ ಕಳಿಸಿದ್ದರು. ರಫೀಕ್ ಎಂಬ ನಡುವಯಸ್ಸಿನವರು ಸ್ಪೀಕರಿನ ಹೊಟ್ಟೆ ಬಿಚ್ಚಿಕೊಂಡು ಕೂತಿದ್ದರು. ನಾನು ನನ್ನ ಕತೆಯನ್ನೆಲ್ಲ ಹೇಳಿ, ಆ ಹಾಡಿನ ಹೆಸರನ್ನೂ ಹೇಳಿದೆ. ಅವರ ಕೈ ನಿಂತಿತು.

"ಆರ್ಕೆಸ್ಟ್ರಾದ ಪ್ರಮೀಳನಾ?" ಎಂದರು. "ಆ ಹಾಡು ಹಾಡ್ತಿದ್ದದ್ದು ಅವಳೇ. ಆದ್ರೆ ಅವಳು ಕಳಸದವಳಲ್ಲ ಮೇಡಂ, ಚಿಕ್ಕಮಗಳೂರಿನವಳು. ಇಲ್ಲಿಗೆ ಗಣಪತಿ ಪ್ರೋಗ್ರಾಮಿಗೆ ಬರ್ತಾ ಇದ್ಲು. ಬರಲಿಲ್ಲ."

"ಅಂದ್ರೆ?"

"ವ್ಯಾನು ತಿರುವಲ್ಲಿ ಕೆಳಗೆ ಹೋಯ್ತು. ಮಳೆ ಬೇರೆ. ಉಳಿದವ್ರು ಬದುಕಿದ್ರು, ಅವಳೊಬ್ಳು ಹೋದ್ಲು. ಇಲ್ಲಿ ನಾವು ಮೈಕ್ ಟೆಸ್ಟ್ ಮಾಡ್ಕೊಂಡು ಕಾಯ್ತಾ ಇದ್ವಿ. ಜನ ಎಲ್ಲ ಸೇರಿದ್ರು."

ಅದಾಗಿ ವರ್ಷಗಳೇ ಆಗಿದ್ದವು. ನಮ್ಮ ರೇಡಿಯೊ ಹುಟ್ಟುವ ಮೊದಲಿನ ಮಾತು. ಸತ್ತ ಹುಡುಗಿಯ ಹೆಸರನ್ನು ನಮ್ಮ ವಿದ್ಯಾರ್ಥಿಗಳು ದಿನಾ ಮಧ್ಯಾಹ್ನ ನಗುನಗುತ್ತಾ ಓದುತ್ತಿದ್ದರು. ರಫೀಕ್ ನನಗೊಂದು ಸ್ಟೂಲು ಹಾಕಿ ಕೂರಿಸಿ, ಎದುರಿನ ಹೋಟೆಲ್ಲಿಂದ ಟೀ ತರಿಸಿದರು. ಆಕೆಯ ತಾಯಿ ಚಿಕ್ಕಮಗಳೂರಿನ ಕ್ಯೂರಿಂಗ್ ವರ್ಕ್ಸಿನಲ್ಲಿ ಕೆಲಸ ಮಾಡುತ್ತಿದ್ದಳೆಂದು ಆರ್ಕೆಸ್ಟ್ರಾದವರು ಹೇಳಿದ್ದು ಅವರಿಗೆ ನೆನಪಿತ್ತು.

ಮಾರನೆಯ ದಿನ ಊಟದ ಬಿಡುವಿನಲ್ಲಿ ಕ್ಯೂರಿಂಗ್ ವರ್ಕ್ಸಿನ ಗೇಟಿಗೆ ಹೋದೆ. ವಾಚ್‌ಮನ್ ಹತ್ತಿರ "ಪ್ರಮೀಳಾ ಅವರ ತಾಯಿ" ಎಂದೆ. ಆತ ಸುತ್ತಮುತ್ತ ನೋಡಿ, ತಗ್ಗಿದ ದನಿಯಲ್ಲಿ, "ಸರಸಕ್ಕನ್ನ ಕೇಳ್ತಿದೀರಾ? ಆ ಹೆಸರು ಇಲ್ಲಿ ಹೇಳ್ಬೇಡಿ, ಸರಸಕ್ಕನ ಗಂಡ ಇಲ್ಲೇ ಲೋಡಿಂಗ್ ಮಾಡ್ತಾರೆ" ಎಂದು ಒಳಗೆ ಹೋದ. ಸ್ವಲ್ಪ ಹೊತ್ತಿಗೆ ಮೂಗಿನ ಬಟ್ಟೆಯನ್ನು ಕೊರಳಿಗೆ ಇಳಿಸಿಕೊಂಡು ಒಬ್ಬಾಕೆ ಬಂದರು. ಸಣ್ಣ ಆಳು, ಹುಬ್ಬಿನ ಮೇಲೆಲ್ಲ ಕಾಫಿಯ ಧೂಳು. ನಾನು ರೇಡಿಯೊದವಳು ಎಂದ ಕೂಡಲೇ ಅವರಿಗೆ ತಿಳಿದುಹೋಯಿತು. ಗೇಟಿನಾಚೆ ಹಲಸಿನ ಮರದ ಬುಡಕ್ಕೆ ಕರೆದುಕೊಂಡು ಹೋದರು.

"ನಿಲ್ಲಿಸ್ತೀರೇನಕ್ಕಾ?" ಅದೇ ಅವರು ಕೇಳಿದ ಮೊದಲ ಮಾತು.

ನಿಲ್ಲಿಸುವುದಿಲ್ಲ, ಸುಮ್ಮನೆ ಕೇಳಲು ಬಂದೆ ಎಂದೆ. ಆಮೇಲೆ ಸರಸಕ್ಕ ಹೇಳಿದ್ದು ಇಷ್ಟು. ಮಗಳು ಚೆನ್ನಾಗಿ ಹಾಡುತ್ತಿದ್ದಳು. ಹಬ್ಬದ ಪ್ರೋಗ್ರಾಮುಗಳಲ್ಲಿ ಹಾಡಲು ಆರ್ಕೆಸ್ಟ್ರಾ ಸೇರಿದಳು. ಸ್ಟೇಜಿನ ಮೇಲೆ ಗಂಡಸರ ಪಕ್ಕ ನಿಂತು ಹಾಡುತ್ತಾಳೆ, ಕುಣಿಯುತ್ತಾಳೆ ಎಂದು ಅಪ್ಪ ಕೃಷ್ಣಪ್ಪನಿಗೆ ಅವಮಾನ. ಯಾರೋ ಅವಳು ಹಾಡುವ ವಿಡಿಯೊವನ್ನು, ಅವನು ಲಾರಿಗೆ ಮೂಟೆ ತುಂಬುವ ಯಾರ್ಡಿನಲ್ಲಿ ಎಲ್ಲರೆದುರು ತೋರಿಸಿ ನಕ್ಕಿದ್ದರಂತೆ. ಆ ದಿನ ಮನೆಗೆ ಬಂದವನೇ ದೇವರ ಮುಂದೆ ನಿಂತು ಆಣೆ ಹಾಕಿಬಿಟ್ಟ. ಇನ್ನು ಈ ಮನೆಯಲ್ಲಿ ಯಾರೂ ಅವಳ ಹೆಸರೆತ್ತಬಾರದು, ಎತ್ತಿದರೆ ತನ್ನ ಹೆಣ ನೋಡಿದಂತೆ. ಅದಾದ ಮೇಲೆ ಬಂದ ಗಣಪತಿ ಹಬ್ಬದಲ್ಲೇ ವ್ಯಾನು ಉರುಳಿತು.

ಆಣೆ ಎಂದರೆ ನಮ್ಮ ಕಡೆ ಇಂದಿಗೂ ಆಟದ ಮಾತಲ್ಲ. ಹಾಕಿದವರೇ ದೇವಸ್ಥಾನಕ್ಕೆ ಹೋಗಿ, ತಪ್ಪುಕಾಣಿಕೆ ಇಟ್ಟು, ಎಲ್ಲರೆದುರು ಕೈ ಮುಗಿದು ಬಿಡಿಸಿಕೊಳ್ಳಬೇಕು. ಅಲ್ಲಿಯವರೆಗೆ ಅದು ಮನೆಯವರೆಲ್ಲರ ತಲೆಯ ಮೇಲೆ ಇರುತ್ತದೆ. ಕೃಷ್ಣಪ್ಪ ಹೋಗಲಿಲ್ಲ. ಮಗಳನ್ನು ಮಣ್ಣು ಮಾಡಿ ಬಂದ ದಿನವೂ ಅವನ ಬಾಯಲ್ಲಿ ಹೆಸರು ಬರಲಿಲ್ಲ. ತಾಯಿಯಾದವಳು ಹೆಸರು ಹಿಡಿದು ಅಳಲೂ ಇಲ್ಲ. ಹೆಸರಿಲ್ಲದೆ ಅಳುವುದು ಹೇಗಿರುತ್ತದೆ ಎಂದು ನಾನು ಯೋಚಿಸಿ ನೋಡಿದ್ದೇನೆ. ನನ್ನ ಕೈಲಿ ಅದು ಆಗುವುದಿಲ್ಲ.

"ರೇಡಿಯೊ ಹೇಳಿದ್ರೆ ಆಣೆ ತಪ್ಪಲ್ಲ ಅಲ್ವಾ ಅಕ್ಕಾ?" ಎಂದರು ಸರಸಕ್ಕ. "ನಾನೇನೂ ಮನೇಲಿ ಹೇಳಿಲ್ಲ. ಗೇಟಿಂದ ಹೊರಗೆ ಬಂದು ಫೋನಲ್ಲಿ ಹೇಳ್ತೀನಿ, ನಿಮ್ಮ ಹುಡುಗಿ ಓದ್ತಾಳೆ. ಒಳಗೆ ನಾವೆಲ್ಲ ಕೇಳ್ತೀವಿ. ನಮ್ಮ ಸಾಲಲ್ಲಿ ಎಲ್ರಿಗೂ ಗೊತ್ತು. ಆ ಹಾಡು ಮುಗಿಯೋವರ್ಗೂ ಯಾರೂ ಮಾತಾಡಲ್ಲ."

"ಕಳಸ ಅಂತ ಯಾಕೆ ಹೇಳ್ತೀರಿ?"

"ಅವಳು ಹೊರಟಿದ್ದು ಅಲ್ಲಿಗೆ. ತಲುಪಿದಾಳೆ ಅಂತ ಇಟ್ಕೊಂಡಿದೀನಿ."

ನಾನು ಮರದ ಕಡೆ ತಿರುಗಿದೆ. ಹಲಸಿನ ಮರದಲ್ಲಿ ನೋಡುವಂಥದ್ದೇನೂ ಇರಲಿಲ್ಲ. ಆಮೇಲೆ, ನಿಮ್ಮ ಯಜಮಾನರಿಗೂ ಕೇಳಿಸುತ್ತದೆಯೇ ಎಂದು ವಿಚಾರಿಸಿದೆ.

"ಯಾರ್ಡಲ್ಲೂ ಒಂದು ಸ್ಪೀಕರ್ ಇದೆ. ಕೇಳದೆ ಇರ್ತಾರಾ? ಮೊದಲ್ನೇ ದಿನ ಮನೆಗೆ ಬಂದು ಏನಾದ್ರೂ ಅಂತಾರೆ ಅಂತ ನಡುಗ್ತಾ ಇದ್ದೆ. ಏನೂ ಅನ್ಲಿಲ್ಲ. ಊಟ ಮಾಡಿ ಮಲಗಿದ್ರು. ನಿಲ್ಸು ಅಂತ್ಲೂ ಹೇಳಿಲ್ಲ, ಯಾರು ಮಾಡ್ಸ್ತಿರೋದು ಅಂತ್ಲೂ ಕೇಳಿಲ್ಲ." ಅವರು ಕೊರಳಿನ ಬಟ್ಟೆ ಬಿಚ್ಚಿ ಮತ್ತೆ ಕಟ್ಟಿಕೊಂಡರು. "ನಂಗೆ ಬೇರೇನೂ ಬೇಡಕ್ಕಾ. ಅವ್ರ ಬಾಯಲ್ಲಿ ಒಂದ್ಸಲ ಅವಳ ಹೆಸರು ಬರ್ಬೇಕು. ನಾನು ಸಾಯೋದ್ರೊಳಗೆ ಒಂದ್ಸಲ. ಮಗು ಅಂತ ಎತ್ಕೊಂಡು ಆಡಿಸ್ದಾಗ ಆ ಹೆಸರು ಇಟ್ಟಿದ್ದೇ ಅವ್ರು."

ಅದಕ್ಕೇ ದಿನಾ ಫೋನು. ಕಲ್ಲಿನ ಮೇಲೆ ನೀರು ಬಿಟ್ಟ ಹಾಗೆ, ಯಾರ್ಡಿನ ಸ್ಪೀಕರಿನಿಂದ ಆ ಹೆಸರನ್ನು ಗಂಡನ ಮೇಲೆ ಬಿಡುತ್ತಿದ್ದರು.

ಶಿವಪ್ರಸಾದರಿಗೆ ನಾನು, ಕಳಸದ ಪ್ರಮೀಳಾ ಮಾತಾಡಲು ಒಪ್ಪಲಿಲ್ಲ, ಬಹಳ ನಾಚಿಕೆಯ ಹೆಂಗಸು ಎಂದುಬಿಟ್ಟೆ. ಅವರ ಮುಖ ಬಾಡಿತು. "ಫೋಟೊನೂ ಬೇಡ ಅಂದ್ರಾ?" ಎಂದು ಕೇಳಿದರು. ಸಂಚಿಕೆಯಲ್ಲಿ ನನ್ನ ಲೇಖನದ ಜಾಗದಲ್ಲಿ ಮಂಜು ಮುಸುಕಿದ ಬಾಬಾಬುಡನ್‌ಗಿರಿಯ ಫೋಟೊ ಹಾಕಿ, ಕೆಳಗೆ 'ಬೆಟ್ಟಗಳಾಚೆಗೂ ನಮ್ಮ ದನಿ' ಎಂದು ಬರೆದರು. ಭೌತಶಾಸ್ತ್ರದವರು ಅದನ್ನು ನೋಡಿ ಮೂಗು ಮುರಿದರು. ಅವರು ಹೇಳಿದ್ದು ಸರಿ ಎಂದು ಹೇಳಲು ನನಗೆ ನಾಲಿಗೆ ತುರಿಸುತ್ತಿತ್ತು, ಸುಮ್ಮನಿದ್ದೆ. ನಾನು ಸುಮ್ಮನಿರುವುದು ಎಷ್ಟು ಕಷ್ಟ ಎಂದು ನನ್ನನ್ನು ಬಲ್ಲವರಿಗೆ ಗೊತ್ತು.

ಅಲ್ಲಿಂದ ಮುಂದೆ ಸರಸಕ್ಕನಿಗೂ ನನಗೂ ಒಂದು ಬಗೆಯ ಬಳಕೆ ಬೆಳೆಯಿತು. ಆ ಕಡೆ ಹೋದಾಗ ಹಲಸಿನ ಮರದ ಕೆಳಗೆ ನಿಂತು ಮಾತಾಡುತ್ತಿದ್ದೆವು. ದೊಡ್ಡ ಮಾತೇನಲ್ಲ. ಯಾವ ಸೀರಿಯಲ್ಲಿನ ಅತ್ತೆ ಹೆಚ್ಚು ಕೆಟ್ಟವಳು, ಯಾವ ನಟ ಮುಖಕ್ಕೆ ಏನು ಮಾಡಿಸಿಕೊಂಡಿದ್ದಾನೆ, ಇಂಥವು. ನನ್ನ ಎಷ್ಟೋ ಲೇಖನಗಳು ಆ ಮರದ ಕೆಳಗೆ ಹುಟ್ಟಿದವು. ಪ್ರಮೀಳನ ಸುದ್ದಿ ಬಂದಾಗ ಮಾತ್ರ ಅವರು "ಅವಳು" ಎನ್ನುತ್ತಿದ್ದರು. ಗೇಟಿನಾಚೆ ನಿಂತಾಗಲೂ, ಗಂಡ ಕಾಣದಷ್ಟು ದೂರ ಇದ್ದಾಗಲೂ, ನನ್ನೆದುರು ಹೆಸರು ಹೇಳುತ್ತಿರಲಿಲ್ಲ. ಫೋನಿನಲ್ಲಿ ಮಾತ್ರ.

ಒಂದು ಸಲ ನಾನೇ, ಕೃಷ್ಣಪ್ಪನವರ ಹತ್ತಿರ ನಾನು ಮಾತಾಡಲೇ ಎಂದು ಕೇಳಿದೆ. ಸರಸಕ್ಕ ಬೆಚ್ಚಿಬಿದ್ದರು. "ಬೇಡ ಮಾರಾಯ್ತಿ. ಬೇರೆಯವ್ರು ಹೇಳಿ ಹೇಳ್ಸಿದ್ರೆ ಅದು ಅವ್ರು ಹೇಳಿದ್ದಾಗುತ್ತಾ?" ಎಂದರು. ಕೃಷ್ಣಪ್ಪನನ್ನು ಯಾರ್ಡಿನಲ್ಲಿ ದೂರದಿಂದ ನೋಡಿದ್ದೇನೆ. ಬೆನ್ನ ಮೇಲೆ ಮೂಟೆ ಹೊತ್ತು, ನೆಲ ನೋಡುತ್ತಾ ಲಾರಿಯ ಹಲಗೆ ಹತ್ತುತ್ತಿದ್ದ ದಪ್ಪ ಕುತ್ತಿಗೆಯ ಮನುಷ್ಯ. ಆ ಹೊತ್ತಿಗೆ ಸರಿಯಾಗಿ ಹಾಡು ಬರುತ್ತಿತ್ತು. ಅವನ ಹೆಜ್ಜೆ ನಿಂತಿತೇ, ತಡೆಯಿತೇ ಎಂದು ಕಣ್ಣಲ್ಲಿ ಕಣ್ಣಿಟ್ಟು ನೋಡಿದೆ. ಏನೂ ಆಗಲಿಲ್ಲ. ಮೂಟೆ ಇಳಿಸಿ ಇನ್ನೊಂದಕ್ಕೆ ಬಂದ.

ಆಮೇಲೆ ಬೀಜ ಆರಿಸುವ ಹಾಲಿಗೆ ಯಂತ್ರ ಬಂತು. ಬಣ್ಣ ನೋಡಿ ಕೆಟ್ಟ ಬೀಜವನ್ನು ತಾನೇ ಉಗುಳುವ ಯಂತ್ರ. ಸಾಲುಗಳು ಕರಗಿದವು. ಯಂತ್ರ ಬಿಟ್ಟದ್ದನ್ನು ಹೆಕ್ಕಲು ಕೆಲವೇ ಹೆಂಗಸರನ್ನು ಉಳಿಸಿಕೊಂಡರು, ಸರಸಕ್ಕ ಅದರಲ್ಲಿ ಒಬ್ಬರು. ಅದರ ಸದ್ದಿಗೆ ಒಳಗೆ ಸ್ಪೀಕರು ಕೇಳಿಸದಂತಾಗಿ, ಒಂದು ದಿನ ಅದನ್ನು ಬಿಚ್ಚಿಯೇ ಹಾಕಿದರು. ಯಾರ್ಡಿನದ್ದು ಮಾತ್ರ ಉಳಿಯಿತು. ಇನ್ನು ಫೋನು ಬರುವುದಿಲ್ಲ ಎಂದುಕೊಂಡೆ. ಬರುತ್ತಲೇ ಇತ್ತು.

"ನಿಮಗೇ ಕೇಳಿಸಲ್ವಲ್ಲ ಸರಸಕ್ಕ" ಎಂದಿದ್ದಕ್ಕೆ, "ಯಾರಿಗೆ ಕೇಳ್ಬೇಕೋ ಅವ್ರಿಗೆ ಕೇಳುತ್ತಲ್ಲ" ಎಂದರು.

ಅದೇ ಸುಮಾರಿಗೆ ಕಾಲೇಜಿನಲ್ಲೂ, ಹೆಸರು ಓದುವುದು ಹಳೆಯ ಪದ್ಧತಿ, ಆ ಹೊತ್ತಿನಲ್ಲಿ ಇನ್ನೊಂದು ಹಾಡು ಹಾಕಬಹುದು ಎಂಬ ಮಾತು ಎದ್ದಿತು. ಮೀಟಿಂಗಿನಲ್ಲಿ ನಾನು ಎದ್ದು ನಿಂತು ಹಾಡು ಬೇಕಾದರೆ ಫೋನಿನಲ್ಲೇ ಸಿಗುತ್ತದೆ, ಹೆಸರು ಎಲ್ಲಿ ಸಿಗುತ್ತದೆ ಎಂದು ಕೂಗಾಡಿದೆ. ಕೂಗಾಟಕ್ಕೆ ಹೆದರಿಯೋ ಏನೋ, ಒಪ್ಪಿದರು. ಬದುಕಿನಲ್ಲಿ ನಾನು ಗೆದ್ದ ಜಗಳಗಳು ಬಹಳ ಇಲ್ಲ.

ಈ ಮಳೆಗಾಲದ ಶುರುವಿನಲ್ಲಿ ಫೋನು ನಿಂತಿತು. ಸರಸಕ್ಕನಿಗೆ ಕೆಮ್ಮು ಹೆಚ್ಚಾಗಿದೆ, ಆಸ್ಪತ್ರೆಗೆ ಸೇರಿಸಿದ್ದಾರೆ ಎಂದು ವಾಚ್‌ಮನ್ ಹೇಳಿದ. ಹೋದೆ. ಮೂಗಿಗೆ ನಳಿಕೆ ಹಾಕಿದ್ದರು. ಕೃಷ್ಣಪ್ಪ ಹಾಸಿಗೆಯ ಕಾಲ ಬಳಿ ಸ್ಟೂಲಿನ ಮೇಲೆ ಕೂತಿದ್ದ. ಅವನೆದುರು ನಾವು ಏನು ಮಾತಾಡುವುದು? ಸೀರಿಯಲ್ಲಿನ ಅತ್ತೆಗೆ ಬುದ್ಧಿ ಬಂತು ಎಂದು ಸುದ್ದಿ ಕೊಟ್ಟೆ. ಸರಸಕ್ಕ ನಕ್ಕರು, ನಕ್ಕಿದ್ದಕ್ಕೆ ಕೆಮ್ಮು ಬಂತು. ಹೊರಡುವಾಗ ನನ್ನ ಕೈ ಹಿಡಿದು, ಗಂಡನ ಕಡೆ ಕಣ್ಣು ತೋರಿಸಿ, ಇಲ್ಲ ಎಂಬಂತೆ ತಲೆಯಾಡಿಸಿದರು. ಇನ್ನೂ ಹೇಳಿಲ್ಲ, ಎಂದು. ಆ ವಾರವೇ ತೀರಿಕೊಂಡರು.

ಅವರ ಬೀದಿಯ ಮೂಲೆಯಲ್ಲಿ ಶ್ರದ್ಧಾಂಜಲಿಯ ಫ್ಲೆಕ್ಸು ಕಟ್ಟಿದ್ದರು. ಯಾವುದೋ ಮದುವೆಯ ಫೋಟೊದಿಂದ ಕತ್ತರಿಸಿದ ಮುಖ, ಹಿಂದೆ ಕಂಪ್ಯೂಟರಿನ ಮೋಡ, ಎರಡು ಪಾರಿವಾಳ. ಫ್ಲೆಕ್ಸುಗಳ ಬಗ್ಗೆ ನಾನು ತಮಾಷೆಯ ಲೇಖನ ಬರೆದವಳು. ಅದರ ಮುಂದೆ ನಿಂತು ಕೆಳಗಿನ ಸಾಲು ಓದಿದೆ. ದುಃಖತಪ್ತರು: ಪತಿ ಕೃಷ್ಣಪ್ಪ, ಮಗ ಸುರೇಶ, ಸೊಸೆ, ಮೊಮ್ಮಕ್ಕಳು, ಬಂಧುಮಿತ್ರರು. ಮಗಳು ಇರಲಿಲ್ಲ. ದಿವಂಗತ ಎಂದಾದರೂ ಹಾಕಬಹುದಿತ್ತು. ನನಗೆ ಎಂಥ ಸಿಟ್ಟು ಬಂತೆಂದರೆ, ಒಳಗೆ ಹೋಗಿ ಆ ಮನುಷ್ಯನ ಮುಖ ನೋಡುವುದಕ್ಕೂ ಮನಸ್ಸಾಗದೆ ಬೀದಿಯಿಂದಲೇ ತಿರುಗಿಬಂದೆ. ಅಷ್ಟು ವರ್ಷ ಆ ಹೆಂಗಸು ಬೇಡಿದ್ದು ಒಂದು ಹೆಸರು, ಅದೂ ಅವನೇ ಇಟ್ಟ ಹೆಸರು.

ಆಟೋದವನ ಮೇಲೆ ನಾನು ಎಗರಿಬಿದ್ದದ್ದಕ್ಕೆ ಕಾರಣ ಇದೇ. ಈಗ ಸ್ವಲ್ಪ ದಿನದಿಂದ ನಮ್ಮ ರೇಡಿಯೊದಲ್ಲಿ ಆ ಹೆಸರು ಇಲ್ಲ, ಆ ಹಾಡು ಇಲ್ಲ. ಇಷ್ಟು ಬರೆದು, ಇಲ್ಲಿಗೇ ನಿಲ್ಲಿಸಬೇಕು ಎಂದುಕೊಂಡಿದ್ದೆ.

ನಿನ್ನೆ ಮಧ್ಯಾಹ್ನ ಪರೀಕ್ಷೆಯ ಕಾರಣ ಹುಡುಗರು ಯಾರೂ ಇರಲಿಲ್ಲ. ಮೈಕಿನ ಮುಂದೆ ಅನುಷಾ ಎಂಬ ಹುಡುಗಿ ಒಬ್ಬಳೇ. ಫೋನು ಎತ್ತಲು ನಾನು ಕೂತೆ. ಯಾರದೋ ಹುಟ್ಟುಹಬ್ಬಕ್ಕೆ ಒಂದು, ಯಾರದೋ ಮದುವೆಯ ದಿನಕ್ಕೆ ಒಂದು ಬರೆದುಕೊಂಡೆ. ಆಮೇಲೆ ಬಂದ ಕರೆಯಲ್ಲಿ ಮೊದಲು ಬರೀ ಗದ್ದಲ. ಯಾರೋ ಲಾರಿಯನ್ನು ಹಿಂದಕ್ಕೆ ಬಾ ಬಾ ಎಂದು ಕೂಗುತ್ತಿದ್ದರು.

"ಹೇಳಿ, ಯಾವ ಹಾಡು ಬೇಕು?" ಎಂದೆ.

"ದಿನಾ ಹಾಕ್ತಿದ್ರಲ್ಲ. ಈಗ ಹಾಕ್ತಾ ಇಲ್ಲ." ಗಂಡಸಿನ ದನಿ, ವಯಸ್ಸಾದದ್ದು.

"ಯಾವುದು?"

"ಹಾಡಿನ ಹೆಸರು ನಂಗೊತ್ತಿಲ್ಲ. ಕಳಸದ್ದು."

ನಾನು ಕುರ್ಚಿಯಿಂದ ಎದ್ದಿದ್ದೆ. ಯಾಕೆ ಎದ್ದೆನೋ ಗೊತ್ತಿಲ್ಲ. "ಯಾರ ಹೆಸರಲ್ಲಿ ಹಾಕ್ಬೇಕು?" ಎಂದೆ.

"ನಿಮಗೆ ಗೊತ್ತಿದೆಯಲ್ಲ."

ಗೊತ್ತಿತ್ತು. ಹೌದು, ಗೊತ್ತಿದೆ, ಬರೆದುಕೊಂಡೆ ಎಂದರೆ ಮುಗಿಯುತ್ತಿತ್ತು. ಆ ಮುದುಕನ ಮೇಲೆ ನನಗೆ ಕರುಣೆ ಬಂದಿರಲಿಲ್ಲ ಎಂದೇನಲ್ಲ. ಆದರೂ, "ಹೇಳಿದ ಹೆಸರನ್ನೇ ನಾವು ಬರ್ಕೊಳ್ಳೋದು" ಎಂದೆ. ಆ ಕಡೆ ಲಾರಿ ಆಫ್ ಆಯಿತು. ಅವನ ಉಸಿರು ಕೇಳಿಸುತ್ತಿತ್ತು. ಫೋನು ಇಟ್ಟುಬಿಡುತ್ತಾನೆ ಎಂದೇ ಅಂದುಕೊಂಡೆ.

"ಪ್ರಮೀಳಾ" ಎಂದ.

ನಾನು ಚೀಟಿ ಎಳೆದುಕೊಂಡೆ. ನನಗೆ ಕೇಳಿಸಲಿಲ್ಲ ಎಂದುಕೊಂಡನೋ ಏನೋ, ಇನ್ನೊಮ್ಮೆ, ಬಿಡಿಸಿ ಹೇಳಿದ. "ಪ್ರಮೀಳಾ ಅಂತ. ನನ್ನ ಮಗಳು."

"ಆಯ್ತು" ಎಂದೆ.

"ಇನ್ನೊಂದು ಹೆಸರು ಸೇರಿಸ್ಬೋದಾ? ಸರಸು ಅಂತ. ಅವಳ್ದೂ ಕಳಸ ಅಂತಲೇ ಹಾಕಿ." ಫೋನು ಇಟ್ಟ.

ಚೀಟಿ ಬರೆದು ಒಳಗೆ ಕೊಟ್ಟೆ. ಅನುಷಾ ತಲೆಯೆತ್ತದೆ, ಉಳಿದ ಹೆಸರುಗಳ ಜೊತೆ ಅದನ್ನೂ ಓದಿ, ಹಾಡು ಹಾಕಿದಳು. ನಾನು ಫೋನಿನ ಪಕ್ಕ ಕೂತೇ ಇದ್ದೆ. ಸರಸಕ್ಕ ಇಷ್ಟು ವರ್ಷ ಕಾದದ್ದು ಆ ಒಂದು ಮಾತನ್ನು ಅವನ ಬಾಯಲ್ಲಿ ಕೇಳಲು. ಅವನು ಹೇಳಿದ, ಎರಡು ಸಲ ಹೇಳಿದ. ಕೇಳಿಸಿಕೊಂಡವಳು ನಾನು.